ಅಣ್ಣನ ದನಿಗೆ ಮೂರು ಪ್ರತಿ

ಮೇಡಂ ಚೌಕಾಸಿಗೆ ಕುಳಿತರೆ ಅವರ ಬಲಗೈಯಲ್ಲಿ ಒಂದು ಫ್ಲಾಪಿ ಇರುತ್ತಿತ್ತು. ಆಗಿನ ಕಂಪ್ಯೂಟರಿನ ಮಾಹಿತಿ ತುಂಬಿಡುವ, ಅಂಗೈ ತುಂಬುವಷ್ಟು ಅಗಲದ ಕಪ್ಪು ಪ್ಲಾಸ್ಟಿಕ್ ಚೌಕ, ಅದಕ್ಕೊಂದು ತಗಡಿನ ಮುಚ್ಚಳ. ಆ ಮುಚ್ಚಳವನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಸರಿಸುವರು, ಬಿಡುವರು. ಅದು ಟಕ್ಕೆಂದು ಮುಚ್ಚಿಕೊಳ್ಳುವುದು. ನಾನು ಬೆಲೆ ಹೇಳಿದರೆ ಟಕ್. ಸ್ವಲ್ಪ ಇಳಿಸಿದರೆ ಟಕ್. ಕಣ್ಣು ನನ್ನ ಮುಖದ ಮೇಲೆ, ಬಾಯಲ್ಲಿ ಮಾತಿಲ್ಲ. ಹಳೆ ಸಾಮಾನು ಕೊಂಡು ಮಾರಿ ತಲೆ ನರೆಸಿಕೊಂಡವನು ನಾನು. ಬೈದವರಿಗೆ, ಅತ್ತವರಿಗೆ, ಎದ್ದು ಹೋಗುವ ನಾಟಕ ಆಡಿದವರಿಗೆ ಬಗ್ಗಿದವನಲ್ಲ. ಈ ಟಕ್ ಟಕ್ಕಿಗೆ ಮಾತ್ರ ಪ್ರತಿ ಸಲ ಸೋತು, "ಆಯ್ತು, ತಗೊಂಡ್ಹೋಗಿ ಮೇಡಂ" ಎನ್ನುತ್ತಿದ್ದೆ.

ಶಿವಮೊಗ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದು ಹಳೆ ಕಂಪ್ಯೂಟರ್ ಅಂಗಡಿ. ಮೊದಲು ಅದು ಬರೀ ಗುಜರಿ: ತಗಡು, ಬಾಟಲಿ, ರದ್ದಿ ಪೇಪರ್. ಯಾವುದೋ ಆಫೀಸಿನವರು ಹಳೆ ಕಂಪ್ಯೂಟರುಗಳನ್ನು ಕಬ್ಬಿಣದ ಜೊತೆ ತೂಕಕ್ಕೆ ಹಾಕಿದ ದಿನ ನನ್ನ ಕಣ್ಣು ತೆರೆಯಿತು. ತೂಕಕ್ಕೆ ಕೊಂಡದ್ದನ್ನು ಬಿಡಿಬಿಡಿಯಾಗಿ ಮಾರಿದರೆ ಸಂಸಾರ ಸಾಗುತ್ತದೆ ಅಂತ ಅನಿಸಿತು. ಆದರೆ ಪೆಟ್ಟಿಗೆ ಬಿಚ್ಚಿದರೆ ಒಳಗೆ ಯಾವುದು ಏನು ಅಂತ ಗೊತ್ತಿರಲಿಲ್ಲ. ಅದನ್ನು ಹೇಳಿಕೊಟ್ಟವರು ಮೇಡಂ.

ಭದ್ರಾವತಿಯ ಹಳೇ ನಗರದಲ್ಲಿ ಒಂದು ಹಿಟ್ಟಿನ ಗಿರಣಿ. ಅದರ ಮೇಲಿನ ಕೋಣೆಯಲ್ಲಿ ಅವರ ಕಂಪ್ಯೂಟರ್ ಕ್ಲಾಸು. ಕೆಳಗೆ ಗಿರಣಿ ಶುರುವಾದರೆ ಮೇಲೆ ಮೌಸು ತಾನಾಗಿ ಮೇಜಿನ ಅಂಚಿಗೆ ಸರಿಯುವುದು. ಕೀಬೋರ್ಡಿನ ಮೇಲೆ ಸದಾ ರಾಗಿಹಿಟ್ಟಿನ ತೆಳು ಪದರ. "ಮೊದ್ಲು ಊದ್ರೋ, ಆಮೇಲೆ ಎಬಿಸಿಡಿ" ಎಂದೇ ಅವರ ಪಾಠ ಆರಂಭ. ನನಗೂ ಹಾಗೇ. ನಾನು ಸಾಮಾನು ಕೊಡಬೇಕು, ಅವರು ಪಾಠ ಹೇಳಬೇಕು ಎಂಬುದು ನಮ್ಮ ಒಪ್ಪಂದ. ಇಂಗ್ಲಿಷ್ ಅಕ್ಷರಗಳನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ, ಅವರ ಕೀಬೋರ್ಡಿನ ಮೇಲೆ. ಇಂದಿಗೂ ನನ್ನ ಎಬಿಸಿಡಿ ಕ್ಯೂ ಇಂದಲೇ ಶುರುವಾಗುತ್ತದೆ.

ಮೇಡಂ ಕುಳ್ಳಗೆ, ಬಿಗಿಯಾದ ಜಡೆ, ಬಿಸಿಲಿರಲಿ ಇಲ್ಲದಿರಲಿ ಕಂಕುಳಲ್ಲಿ ಕೊಡೆ. ನಗು ಕಡಿಮೆ. ಯಾವ ಸಾಮಾನು ಕೊಟ್ಟರೂ ಮೊದಲು ಮೂಗಿಗೆ ಹಿಡಿಯುವರು. ಸುಟ್ಟ ವಾಸನೆ ಬಂದರೆ ಮರುಮಾತಿಲ್ಲದೆ ವಾಪಸ್. ಇನ್ನೊಂದು ಅಭ್ಯಾಸ, ಏನನ್ನೇ ನಕಲು ಮಾಡಿಟ್ಟರೂ ಆ ನಕಲನ್ನು ಅಲ್ಲೇ ತೆರೆದು ನೋಡುವುದು. "ತೆಗೆದು ನೋಡ್ದೆ ಇದ್ರೆ ಇಲ್ಲ ಅಂತ್ಲೇ ತಿಳ್ಕೊಳ್ಳಿ ಭಾಯ್" ಎನ್ನುವರು. ನಾನು ಗಿರಾಕಿಗಳಿಗೆ ಕೊಡುವ ಬುದ್ಧಿಮಾತೆಲ್ಲ ಆ ಒಂದು ಮಾತಿನಿಂದ ಹುಟ್ಟಿದ್ದು. ಕೇಳದಿದ್ದರೂ ಬುದ್ಧಿ ಹೇಳುವ ಚಾಳಿ ನನ್ನದು, ಓದುವವರು ಸಹಿಸಿಕೊಳ್ಳಬೇಕು.

ಅವರ ಮನೆಯಲ್ಲಿ ಇದ್ದದ್ದು ಇಬ್ಬರೇ, ಮೇಡಂ ಮತ್ತು ಅವರ ಅಣ್ಣ. ಚಿಕ್ಕಂದಿನಲ್ಲೇ ತಂದೆ ತಾಯಿ ಹೋದ ಮೇಲೆ ಅಣ್ಣ ಶಾಲೆಯ ಮುಖ ನೋಡದೆ ಕೆಲಸಕ್ಕೆ ನಿಂತು ತಂಗಿಯನ್ನು ಓದಿಸಿದವರು. ಅವರಿಗೆ ಸಹಿ ಮಾಡಲು ಮಾತ್ರ ಬರುತ್ತಿತ್ತು. ತಂಗಿಯ ಮದುವೆಯಾಗಲಿ ಎಂದು ಅಣ್ಣ ಕಾದರು, ಅಣ್ಣನದಾಗಲಿ ಎಂದು ತಂಗಿ ಕಾದರು. ಹೀಗೆ ಕಾಯುತ್ತಲೇ ಇಬ್ಬರೂ ಒಂದೇ ಮನೆಯಲ್ಲಿ ಉಳಿದುಕೊಂಡರು.

ಅಣ್ಣ ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ ಎರಕ ಹೊಯ್ಯುವ ಕಡೆ ಇದ್ದವರು. ಅಲ್ಲಿನ ಗದ್ದಲದಲ್ಲಿ ಕೂಗಿ ಕೂಗಿ ಅವರ ದನಿ ಮನೆಯಲ್ಲೂ ತಗ್ಗುತ್ತಿರಲಿಲ್ಲ. ನಾನು ಬೀದಿಯ ತಿರುವಿಗೆ ಬಂದರೆ ಸಾಕು, ಜಗಲಿಯಿಂದ ಕೇಳುತ್ತಿತ್ತು: "ಗುಜರಿ ಬಂದ ಕಣೇ. ಚಪ್ಪಲಿ ಒಳಗಿಡು, ತೂಕಕ್ಕೆ ಹಾಕ್ಕೊಂಡು ಹೋಗ್ತಾನೆ." ಅಕ್ಕಪಕ್ಕದವರೆಲ್ಲ ಕಿಟಕಿಯಲ್ಲಿ ನಗುವರು. ಪ್ರೀತಿ ಬಂದರೂ ಬೈಗುಳ, ಹಸಿವಾದರೂ ಬೈಗುಳ. ಮೇಡಂ ಆಡದಿದ್ದ ಮಾತನ್ನೆಲ್ಲ ಅಣ್ಣನೇ ಆಡಿ ತೀರಿಸುತ್ತಿದ್ದಾರೆ ಅನಿಸುತ್ತಿತ್ತು.

ಒಂದು ಬೆಳಿಗ್ಗೆ ಮೇಡಂ ಅಂಗಡಿಗೆ ಬಂದರು. ಕೈಯಲ್ಲಿ ಫ್ಲಾಪಿ ಇರಲಿಲ್ಲ.

"ಭಾಯ್, ಒಂದು ಮೈಕ್ ಬೇಕು, ಒಂದು ಸೌಂಡ್ ಕಾರ್ಡ್ ಬೇಕು. ಇವತ್ತು ಚೌಕಾಸಿಗೆ ಟೈಮಿಲ್ಲ."

"ಏನಾಯ್ತು ಮೇಡಂ?"

"ಅಣ್ಣನ ಗಂಟಲಲ್ಲಿ ಗಡ್ಡೆ. ಕ್ಯಾನ್ಸರ್ ಅಂದ್ರು. ದನಿಪೆಟ್ಟಿಗೇನೇ ತೆಗೀಬೇಕಂತೆ. ತೆಗೆಯೋದ್ರೊಳಗೆ ಅವ್ನ ಮಾತನ್ನೆಲ್ಲ ಎತ್ತಿಟ್ಕೋಬೇಕು."

ಅವರ ಯೋಜನೆ ಇಷ್ಟು. ಅಣ್ಣನಿಂದ ಒಂದೊಂದೇ ಮಾತು ಆಡಿಸಿ, ಒಂದೊಂದನ್ನೂ ಬೇರೆ ಬೇರೆ ಫೈಲಾಗಿ ಕಂಪ್ಯೂಟರಿನಲ್ಲಿ ಇಡುವುದು. ಕೀಬೋರ್ಡಿನ ಒಂದು ಕೀಲಿಗೆ ಒಂದು ಮಾತು. ಆಪರೇಷನ್ ಆದ ಮೇಲೆ ಅಣ್ಣ ಕೀಲಿ ಒತ್ತಿದರೆ ಅವರದೇ ದನಿ ಹೊರಗೆ ಬರಬೇಕು. ಅಣ್ಣನಿಗೆ ಅಕ್ಷರ ಬಾರದ ಕಾರಣ ಕೀಲಿಗಳ ಮೇಲೆ ಚಿತ್ರ ಅಂಟಿಸುವುದು. ಮಕ್ಕಳ ಹಣ್ಣು-ಪ್ರಾಣಿಗಳ ಚಾರ್ಟನ್ನು ಅವರು ಆಗಲೇ ಕತ್ತರಿಸಿ ಇಟ್ಟಿದ್ದರು.

ಗಿರಣಿಗೆ ರಜೆ ಇದ್ದ ಭಾನುವಾರ ಕ್ಲಾಸಿನ ಕಿಟಕಿಗಳಿಗೆ ಕೌದಿ ಕಟ್ಟಿ ಕುಳಿತೆವು. ಮೈಕು ಹಿಡಿದವನು ನಾನು. ಅಣ್ಣನ ದನಿ ಆಗಲೇ ಒಡೆದಿತ್ತು, ಆದರೂ ಅವರದೇ ಎಂದು ತಿಳಿಯುವಷ್ಟು ಇತ್ತು.

"ನೀರು ಅನ್ನಣ್ಣ."

"ನೀರು."

"ನೋವು ಅನ್ನು."

"ನೋವು. ಇದೇನೇ, ಬರೀ ಆಸ್ಪತ್ರೆ ಮಾತು? ನಾಳೆ ಈ ಗುಜರಿ ಮನೆಗ್ ಬಂದ್ರೆ ಏನನ್ಲಿ, ನೋವು ಅನ್ಲಾ?"

"ಮತ್ತೇನ್ ಬೇಕು ನಿಂಗೆ?"

"ಬೈಗುಳ ಹಾಕ್ಕೊಳೇ. ಬೈಯಕ್ಕಾಗ್ದಿದ್ರೆ ನನ್ನ ಮನುಷ್ಯ ಅಂತಾರಾ ಯಾರಾದ್ರೂ?"

"ಜಾಗ ಇಲ್ಲಣ್ಣ. ನೀನು ಉಸಿರು ಬಿಟ್ಟು ಒಂದ್ಸಲ ಬೈದ್ರೆ ಅರ್ಧ ಫ್ಲಾಪಿ ಹೋಗುತ್ತೆ."

"ಅನ್ನ ಅನ್ನೋದನ್ನ ತೆಗೆದ್ಹಾಕು. ಅನ್ನ ಕೈ ತೋರ್ಸಿ ಕೇಳ್ತೀನಿ. ಬೈಗುಳ ಕೈಯಲ್ಲಿ ಬರಲ್ಲ ಮಾರಾಯ್ತಿ."

ಕೊನೆಗೆ ಇಬ್ಬರದೂ ನಡೆಯಿತು. ಅಗತ್ಯದ ಮಾತಿನ ಫೈಲುಗಳಿಗೆಲ್ಲ ಒಂದು ಕಡತ, ಬೈಗುಳಕ್ಕೆ ಇನ್ನೊಂದು. ಕತ್ತೆಯ ಚಿತ್ರಕ್ಕೆ ಒಂದು ಬೈಗುಳ, ಎಮ್ಮೆಗೆ ಒಂದು, ಮಂಗಕ್ಕೆ, ನಾಯಿಗೆ, ಗೂಬೆಗೆ ಹೀಗೆ. ರಾತ್ರಿ ಪಾಳಿಯಲ್ಲಿ ತೂಕಡಿಸುವವರಿಗೆ ಕೂಗುತ್ತಿದ್ದದ್ದು, ಪಕ್ಕದ ಮನೆಯ ತಮಿಳರ ಜೊತೆ ನಲ್ಲಿ ಜಗಳದಲ್ಲಿ ಆಡುತ್ತಿದ್ದದ್ದು, ನನ್ನ ಚಪ್ಪಲಿಯ ಹಾಸ್ಯ, ಎಲ್ಲವನ್ನೂ ಅಣ್ಣ ಮನಸಾರೆ ಆಡಿದರು. ಆಡುವಾಗ ಕೆಮ್ಮು ಬಂದರೆ ನೀರು ಕುಡಿದು ಮತ್ತೆ ಮೊದಲಿಂದ. ಮೇಡಂ ತಲೆ ಎತ್ತದೆ ಪರದೆ ನೋಡುತ್ತಿದ್ದರು. ಅವರ ಬೆನ್ನು ಅಲುಗುತ್ತಿದ್ದುದು ನಗುವಿಗೋ ಅಳುವಿಗೋ ನನಗೆ ತಿಳಿಯಲಿಲ್ಲ.

ಆಗ ಸಿಡಿ ಬರೆಯುವ ಯಂತ್ರ ಅವರಲ್ಲಿ ಇರಲಿಲ್ಲ, ನನ್ನ ಅಂಗಡಿಯಲ್ಲಿತ್ತು. ಈಗಿನ ಹುಡುಗರು ನಂಬುವುದಿಲ್ಲ, ಒಂದು ಫ್ಲಾಪಿಗೆ ಅಣ್ಣನ ಕೆಲವೇ ಮಾತು ಹಿಡಿಯುತ್ತಿತ್ತು. ಮೇಡಂ ಊಟದ ಕ್ಯಾರಿಯರಿನ ತುಂಬ ಫ್ಲಾಪಿ ಜೋಡಿಸಿಕೊಂಡು ಭದ್ರಾವತಿಯಿಂದ ಬಸ್ಸಿನಲ್ಲಿ ಬರುವರು. ಪ್ರತಿಯೊಂದೂ ಜೋಡಿ, ಏಕೆಂದರೆ ಫ್ಲಾಪಿ ಹೇಳದೆ ಕೇಳದೆ ಕೈಕೊಡುವ ಜಾತಿ. ಬಸ್ಸಿನ ಕುಲುಕಿಗೋ ಬಿಸಿಲಿಗೋ ಕೆಟ್ಟು, ಯಂತ್ರಕ್ಕೆ ಹಾಕಿದರೆ ಗರಗರ ಎನ್ನುವುದು. ಒಂದು ಕೆಟ್ಟರೆ ಇನ್ನೊಂದರಿಂದ ತೆಗೆಯುತ್ತಿದ್ದೆವು. ಎಲ್ಲ ಸೇರಿ ಒಂದು ಸಿಡಿ ಆದ ದಿನ ಮೇಡಂ ಅದನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಆಪರೇಷನ್ನಿಗೆ ಆಗ ಹೆಚ್ಚು ದಿನ ಉಳಿದಿರಲಿಲ್ಲ.

ಆಪರೇಷನ್ ಆಯಿತು. ಅಣ್ಣನ ಕುತ್ತಿಗೆಯಲ್ಲಿ ಉಸಿರಿಗೊಂದು ತೂತು, ಅದರ ಮೇಲೆ ತೆಳು ಬಟ್ಟೆ. ಮನೆಯ ನಡುಕೋಣೆಯಲ್ಲಿ ನಾನು ಕೊಟ್ಟ ಕಂಪ್ಯೂಟರು ಕೂತಿತು. ನಾನು ಮೊದಲ ಸಲ ನೋಡಲು ಹೋದಾಗ ಬಾಗಿಲಲ್ಲಿ ಕಾಲಿಡುವ ಮೊದಲೇ ಸ್ಪೀಕರು ಕೂಗಿತು: "ಗುಜರಿ ಬಂದ ಕಣೇ, ಚಪ್ಪಲಿ ಒಳಗಿಡು." ಅಣ್ಣ ಕೀಲಿಯ ಮೇಲೆ ಬೆರಳಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ನಗಬೇಕೆಂದು ಕಾಯುತ್ತಿದ್ದರು. ನಕ್ಕೆ.

ಆ ದನಿಗೆ ಮೇಡಂ ಮೂರು ಪ್ರತಿ ಇಟ್ಟರು. ಮನೆಯ ಕಂಪ್ಯೂಟರಿನಲ್ಲಿ ಒಂದು, ಕ್ಲಾಸಿನ ಬೀರುವಿನಲ್ಲಿ ಸಿಡಿಯಾಗಿ ಒಂದು, ಶಿವಮೊಗ್ಗದಲ್ಲಿ ನನ್ನ ಅಂಗಡಿಯ ಬಿಡಿ ಹಾರ್ಡ್ ಡಿಸ್ಕಿನಲ್ಲಿ ಒಂದು. "ಭದ್ರಾವತಿಗೇ ಹೊಳೆ ನುಗ್ಗಿದ್ರೂ ನಿಮ್ಮತ್ರ ಒಂದು ಇರುತ್ತಲ್ಲ" ಎನ್ನುವರು. ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಇವತ್ತಿಗೂ ಕಂಡಿಲ್ಲ. ಮೂರು ಪ್ರತಿ, ಬೇರೆ ಬೇರೆ ಥರದ ಸಾಮಾನಿನಲ್ಲಿ, ಒಂದಾದರೂ ಬೇರೆ ಊರಿನಲ್ಲಿ. ಫೋಟೋ ಎಲ್ಲ ಫೋನಿನಲ್ಲಿದೆ ಸಾರ್ ಎಂದು ಎದೆ ಮುಟ್ಟಿಕೊಳ್ಳುವವರು ದಿನವೂ ನನ್ನ ಅಂಗಡಿಗೆ ಬರುತ್ತಾರೆ. ಫೋನು ನೀರಿನ ಸಂಪಿನೊಳಗೆ ಬಿದ್ದ ಮೇಲೆ ಬರುತ್ತಾರೆ, ಅದೇ ದುಃಖ.

ಆದರೆ ಮೇಡಂ ಉಪಾಯಕ್ಕೂ ವರ್ಷಕ್ಕೊಂದು ಸಲ ಕೊಂಡಿ ಕಳಚುತ್ತಿತ್ತು. ಆಯುಧಪೂಜೆ. ಕಾರ್ಖಾನೆಯ ಊರಿನಲ್ಲಿ ಆ ಹಬ್ಬವನ್ನು ಯಾರೂ ಬಿಡುವುದಿಲ್ಲ. ಸುತ್ತಿಗೆ, ಸ್ಪ್ಯಾನರು, ಸ್ಕೂಟರು, ಎಲ್ಲಕ್ಕೂ ಕುಂಕುಮ. ಆ ದಿನ ಯಾವುದನ್ನೂ ಬಳಸುವಂತಿಲ್ಲ. ನನ್ನ ಅಂಗಡಿಯಲ್ಲೂ ಕೆಲಸದವರು ಪೂಜೆ ಮಾಡುತ್ತಾರೆ, ನಾನು ಮಂಡಕ್ಕಿ ಹಂಚುತ್ತೇನೆ. ಅಣ್ಣನಿಗೆ ತಮ್ಮ ಆಯುಧ ಯಾವುದೆಂಬುದರಲ್ಲಿ ಅನುಮಾನವೇ ಇರಲಿಲ್ಲ. ಆ ದಿನ ಕೀಲಿ ಮುಟ್ಟದೆ ಮೌನವಾಗಿರುವರು. ಪೂಜೆಗೆ ಮನೆಯ ಕಂಪ್ಯೂಟರು ಕ್ಲಾಸಿಗೆ ಹೋಗಿ ಅಲ್ಲಿನವುಗಳ ಜೊತೆ ಸೇರಬೇಕು, ಸಿಡಿ ಅದರ ಪಕ್ಕ ಕೂರಬೇಕು, ನನ್ನ ಹತ್ತಿರ ಇದ್ದದ್ದೂ ಬರಬೇಕು. ಮೇಡಂ ಹಿಂದಿನ ದಿನವೇ ಕೊಡೆ ಹಿಡಿದು ಬಂದು ಕೇಳುವರು.

"ಕೊಡಿ ಭಾಯ್, ಎಲ್ಲಾನೂ ಒಟ್ಟಿಗೆ ಇಡ್ಬೇಕಂತೆ."

"ಒಂದು ಇಲ್ಲೇ ಇರ್ಲಿ ಮೇಡಂ. ನಾನೇ ಕುಂಕುಮ ಹಚ್ಚಿಸ್ತೀನಿ."

"ನಾನೂ ಅದ್ನೇ ಅಂದೆ. ಒಂದನ್ನ ಬಿಟ್ರೆ ಅದು ಮುನಿಸ್ಕೊಂಡು ಆಮೇಲೆ ಮಾತಾಡಲ್ಲ ಅಂತ ಕೈ ಆಡಿಸ್ತಾನೆ. ವರ್ಷಕ್ಕೊಂದಿನ, ಹೋಗ್ಲಿ ಬಿಡಿ."

ಮರುದಿನ ವಿಜಯದಶಮಿಯಂದು ಮತ್ತೆ ಆರತಿ ಮಾಡಿ ಚಾಲೂ ಮಾಡುವವರೆಗೆ ಇಟ್ಟದ್ದನ್ನು ಇಟ್ಟ ಜಾಗದಿಂದ ತೆಗೆಯಬಾರದು ಎಂಬುದು ರೂಢಿ. ದೀಪವೂ ಆರಬಾರದು. ಹಲವು ವರ್ಷ ಇದು ಹೀಗೇ ನಡೆಯಿತು, ಏನೂ ಆಗಲಿಲ್ಲ. ಒಂದು ವರ್ಷ ಆಯಿತು. ಕೆಳಗೆ ಹಿಟ್ಟಿನ ಗಿರಣಿ ಇದ್ದ ಮೇಲೆ ಮೇಲೆ ಇಲಿ ಇರದೆ ಇರುತ್ತದೆಯೆ? ಎಣ್ಣೆ ಕುಡಿದ ಬತ್ತಿಯನ್ನು ಉರಿಯುತ್ತಿರುವಾಗಲೇ ಕಚ್ಚಿಕೊಂಡು ಓಡುವುದು ಇಲಿಗಳ ಚಾಳಿ. ಮೇಜಿಗೆ ಹಾಸಿದ್ದ ಹೊಸ ಬಟ್ಟೆ, ಹೂವಿನ ಹಾರ, ಪಾಠದ ಕಾಗದ. ಬೆಳಗಾಗುವುದರೊಳಗೆ ಕೋಣೆ ಕಪ್ಪಾಗಿತ್ತು.

ಗಿರಣಿಯ ಯಜಮಾನರು ಫೋನು ಮಾಡಿದರು, ಹೋದೆ. ಮೇಡಂ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಕರಗಿ ಬಟ್ಟಲಿನಂತಾಗಿದ್ದ ಸಿಡಿ. ನನ್ನ ಹಾರ್ಡ್ ಡಿಸ್ಕು ದೀಪದ ಪಕ್ಕದಲ್ಲೇ ಇದ್ದದ್ದರಿಂದ ಗುರುತು ಸಿಗದಂತಾಗಿತ್ತು.

"ಅಣ್ಣ ಹೊಸ ಅಂಗಿ ಹಾಕ್ಕೊಂಡು ಕಾಯ್ತಿದಾನೆ," ಎಂದರು. "ನೀವ್ ಹೋಗಿ ಹೇಳಿ ಭಾಯ್. ನನ್ ಕೈಲಾಗಲ್ಲ."

ಮನೆಗೆ ಹೋದೆ. ಅಣ್ಣ ಜಗಲಿಯ ಮೇಲೆ ಗಡ್ಡ ಹೆರೆದುಕೊಂಡು ಹೊಸ ಅಂಗಿಯಲ್ಲಿ ಕೂತಿದ್ದರು. ಹಿಂದಿನ ಇಡೀ ದಿನ ಮೌನದಲ್ಲಿದ್ದವರಿಗೆ ಮಾತಿನ ಹಸಿವು. ನನ್ನನ್ನು ಕಂಡದ್ದೇ ಕಾಲಿನಿಂದ ತಮ್ಮ ಚಪ್ಪಲಿಗಳನ್ನು ನಿಧಾನವಾಗಿ ಬಾಗಿಲೊಳಗೆ ಎಳೆದುಕೊಂಡರು, ಹುಬ್ಬು ಹಾರಿಸಿದರು. ಕೀಲಿ ಇಲ್ಲದೆಯೂ ಹಾಸ್ಯ ಮಾಡಿದೆನಲ್ಲ ಎಂಬ ಹಿಗ್ಗು ಮುಖದಲ್ಲಿ. ಎದುರು ಕುಳಿತು ಹೇಳಿದೆ. ಎಲ್ಲ ಕೇಳಿದರು. ಆಮೇಲೆ ಬಾಯಿ ಅಲುಗಿತು, ತುಂಬ ಹೊತ್ತು ಅಲುಗಿತು. ಕುತ್ತಿಗೆಯ ಬಟ್ಟೆ ಉಬ್ಬಿ ಇಳಿಯಿತು. ಏನಂದರೋ ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂಬುದು ಅವರಿಗೆ ತಿಳಿಯಿತು.

ಮನೆಯ ಕಂಪ್ಯೂಟರಿನ ಕಬ್ಬಿಣದ ಡಬ್ಬದೊಳಗಿದ್ದ ಡಿಸ್ಕು ಮಾತ್ರ ಪೂರ್ತಿ ಸುಟ್ಟಿರಲಿಲ್ಲ. ಅದರ ಬೆನ್ನಿಗಿರುವ ಸರ್ಕ್ಯೂಟ್ ಹಲಗೆ ಕರಕಲಾಗಿತ್ತು. ಮಾತು ಇರುವುದು ಒಳಗಿನ ತಟ್ಟೆಯಲ್ಲಿ. ಅದೇ ಕಂಪನಿಯ, ಅದೇ ಮಾದರಿಯ ಇನ್ನೊಂದು ಡಿಸ್ಕು ಸಿಕ್ಕರೆ ಅದರ ಹಲಗೆ ಬಿಚ್ಚಿ ಇದಕ್ಕೆ ಹಾಕಿ ನೋಡಬಹುದು. ನನ್ನ ಅಂಗಡಿಯ ರಾಶಿಯನ್ನೆಲ್ಲ ಮಗುಚಿದೆ, ಇರಲಿಲ್ಲ. ಗೊತ್ತಿದ್ದ ವ್ಯಾಪಾರ ಬಂಧುಗಳನ್ನೆಲ್ಲ ಕೇಳಿದೆ. ಕೊನೆಗೆ ಆಯನೂರಿನಲ್ಲಿ ಒಬ್ಬರ ಝೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಅಂಥದೇ ಡಿಸ್ಕು ಇರುವ ಹಳೆ ಕಂಪ್ಯೂಟರು ಕಂಡಿತು. ನನ್ನ ಕಣ್ಣು ನೋಡಿಯೇ ಅವರು ಬೆಲೆ ಏರಿಸಿದರು. ಬೇಕೇಬೇಕು ಅಂತ ಮುಖದಲ್ಲಿ ತೋರಿಸಬೇಡಿ ಎಂದು ಎಲ್ಲರಿಗೂ ಹೇಳುವವನು ನಾನು. ಆ ದಿನ ಕೇಳಿದಷ್ಟು ಕೊಟ್ಟು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ.

ಡಿಸ್ಕು ತಿರುಗಿತು. ಮೇಡಂ ಪಕ್ಕದಲ್ಲಿ ನಿಂತಿದ್ದರು. ಆ ಸಲ ಅದನ್ನು ಮೂಗಿನ ಹತ್ತಿರ ಒಯ್ಯಲಿಲ್ಲ. ಬೈಗುಳದ ಕಡತ ಪೂರ್ತಿ ಬಂತು. ಅಗತ್ಯದ ಮಾತುಗಳ ಕಡತ ಎಷ್ಟು ಸಲ ಪ್ರಯತ್ನಿಸಿದರೂ ತೆರೆಯಲಿಲ್ಲ. ನೀರು, ನೋವು, ಸಾಕು, ಬೇಕು, ಇಲ್ಲಿ ಬಾ, ಒಂದೂ ಉಳಿದಿರಲಿಲ್ಲ.

ಭದ್ರಾವತಿಗೆ ಹೋಗಿ ಅಣ್ಣನ ಮುಂದೆ ಹೊಸ ಕೀಬೋರ್ಡು ಇಟ್ಟೆವು. ಚಿತ್ರಗಳಲ್ಲಿ ಪ್ರಾಣಿಗಳು ಮಾತ್ರ. ಮೇಡಂ ತಲೆ ತಗ್ಗಿಸಿ ಹೇಳಿದರು, "ಬೈಗುಳ ಅಷ್ಟೇ ಸಿಕ್ತಣ್ಣ. ನೀರು ಕೇಳಕ್ಕೂ ಮಾತಿಲ್ಲ." ಅಣ್ಣ ಎಲ್ಲ ಪ್ರಾಣಿಗಳನ್ನೂ ಒಂದು ಸುತ್ತು ನೋಡಿದರು. ಕತ್ತೆಯನ್ನು ಒತ್ತಿದರು. "ಎಲ್ಲಿ ಹಾಳಾಗಿ ಹೋಗಿದ್ಯೋ ಕತ್ತೆ ಇಷ್ಟೊತ್ತು" ಎಂದು ಸ್ಪೀಕರು ಗುಡುಗಿತು. ಅವರ ಭುಜ ಕುಲುಕಿ ಕುಲುಕಿ ನಗು ಬಂತು, ದನಿಯಿಲ್ಲದ ನಗು. ಮತ್ತೆ ಕತ್ತೆಯನ್ನೇ ಒತ್ತಿ ಮೂಲೆಯ ನೀರಿನ ಬಿಂದಿಗೆಯ ಕಡೆ ಬೆರಳು ತೋರಿಸಿದರು. ಮೇಡಂಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಎದ್ದು ಹೋಗಿ ಲೋಟದಲ್ಲಿ ನೀರು ತಂದುಕೊಟ್ಟರು.

ಅಲ್ಲಿಂದ ಆ ಮನೆಗೆ ಬೇರೊಂದು ಭಾಷೆ ಬಂತು. ಕತ್ತೆ ಎಂದರೆ ನೀರು. "ಏಳೋ ಎಮ್ಮೆ, ಬಿದ್ಕೊಂಡಿದ್ದು ಸಾಕು" ಎಂದರೆ ಊಟ. ನಾಯಿಯ ಬೈಗುಳ ಬಂದರೆ ಕಿಟಕಿ ತೆಗೆಯಬೇಕು. ಹೀಗೆ ಒಂದೊಂದಕ್ಕೂ ಒಂದೊಂದು. ದಿನ ಕಳೆದಂತೆ ಎರಡು ಬೈಗುಳ ಸೇರಿಸಿ ಮೂರನೆಯದೇನೋ ಹೇಳುವುದೂ ಶುರುವಾಯಿತು. ನನಗೆ ಮೂರೋ ನಾಲ್ಕೋ ಗೊತ್ತಾಯಿತು ಅಷ್ಟೆ. ಉಳಿದದ್ದು ಅವರಿಬ್ಬರ ನಡುವೆ. ನಾನು ಕೂತಿದ್ದಾಗಲೇ ಅಣ್ಣ ಏನೋ ಒತ್ತುವರು, ಕೇಳಲು ಘೋರವಾದ ಬೈಗುಳ. ಮೇಡಂ ಮುಖ ಅರಳುವುದು, ಉತ್ತರ ಹೇಳುವರು. ಏನು ಕೇಳಿದರು ಎಂದರೆ, "ಅದು ಮನೆ ಮಾತು ಬಿಡಿ ಭಾಯ್" ಎನ್ನುವರು. ಅವರು ನಗುವುದನ್ನು ನಾನು ನೋಡಿದ್ದು ಆ ವರ್ಷಗಳಲ್ಲೇ.

ಕ್ಲಾಸು ಮತ್ತೆ ಏಳಲಿಲ್ಲ. ಎಲ್ಲರ ಕೈಗೂ ಫೋನು ಬಂದಿತ್ತು, ಕಲಿಯಲು ಯಾರೂ ಮೆಟ್ಟಿಲು ಹತ್ತುವ ಕಾಲವಲ್ಲ. ಮೇಡಂ ಮನೆಯಲ್ಲೇ ಕೂತು ಪತ್ರ, ಅರ್ಜಿ ಟೈಪು ಮಾಡಿಕೊಡುತ್ತಿದ್ದರು. ಬೈಗುಳಗಳನ್ನು ಪೆನ್‌ಡ್ರೈವಿಗೆ ಹಾಕಿ ಕಪ್ಪು ದಾರದಲ್ಲಿ ಕುತ್ತಿಗೆಗೆ ಕಟ್ಟಿಕೊಂಡಿದ್ದರು. ಹೊಸಬರು ತಾಳಿಯೆಂದು ತಿಳಿಯುವರು, ಅವರೂ ತಿದ್ದುತ್ತಿರಲಿಲ್ಲ. ನನ್ನ ಅಂಗಡಿಯಲ್ಲಿ ಎಂದಿನಂತೆ ಒಂದು ಪ್ರತಿ. ಕ್ಲೌಡಿನಲ್ಲಿ, ಅಂದರೆ ಎಲ್ಲೋ ದೂರದ ಕಂಪ್ಯೂಟರಿನಲ್ಲಿ ಇಂಟರ್‌ನೆಟ್ಟಿನ ಮೂಲಕ ಇಡುವ ವ್ಯವಸ್ಥೆಯಲ್ಲಿ, ಇನ್ನೊಂದು. "ಇದಕ್ಕೆ ಯಾರೂ ಕುಂಕುಮ ಹಚ್ಚಕ್ಕಾಗಲ್ಲ" ಎಂದಿದ್ದರು ಒಮ್ಮೆ. ಅದರ ಪಾಸ್‌ವರ್ಡನ್ನು ನನಗೂ ಹೇಳಿಟ್ಟರು. ನೀವೂ ನಂಬಿಕಸ್ಥರು ಒಬ್ಬರಿಗೆ ಹೇಳಿಡಿ. ಬೀಗದ ಕೈ ಜೇಬಲ್ಲಿಟ್ಟುಕೊಂಡು ಹೋಗಿಬಿಟ್ಟವರ ಮನೆಯವರು ಬಂದು ನನ್ನ ಮುಂದೆ ಅಳುತ್ತಾರೆ, ನನ್ನ ಕೈಲಿ ಏನೂ ಆಗುವುದಿಲ್ಲ.

ಅಣ್ಣ ಒಂದು ಬೆಳಿಗ್ಗೆ ಏಳಲಿಲ್ಲ. ಹೃದಯ ನಿಂತಿತ್ತು.

ತಿಂಗಳುಗಳ ಮೇಲೆ ಒಂದು ಮಧ್ಯಾಹ್ನ ಮೇಡಂ ಮನೆಗೆ ಹೋಗಿದ್ದೆ. ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿತ್ತು. ಏನು ಕೇಳಿದರೂ ಹೂಂ, ಉಹೂಂ. ಇನ್ನು ಈ ಪ್ರತಿಗಳನ್ನೆಲ್ಲ ಏನು ಮಾಡುತ್ತೀರಿ ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಅವರ ಫೋನು ಕೂಗಿತು. "ಏಳೋ ಎಮ್ಮೆ, ಬಿದ್ಕೊಂಡಿದ್ದು ಸಾಕು." ನಾನು ಬೆಚ್ಚಿ ಅಣ್ಣ ಕೂರುತ್ತಿದ್ದ ಕುರ್ಚಿಯನ್ನು ನೋಡಿದೆ. ಮೇಡಂ ಎದ್ದರು.

"ಅಲಾರಂ ಇಟ್ಕೊಂಡಿದೀನಿ," ಎಂದರು. "ಒಬ್ಳೇ ಆದ್ಮೇಲೆ ಊಟದ ನೆನಪೇ ಆಗಲ್ಲ. ಇವ್ನು ಬೈದ್ರೆ ಎದ್ದೇಳ್ತೀನಿ."

"ದಿನಾ ಇಡ್ತೀರಾ?"

"ನೀರಿಗೆ ಒಂದು, ಊಟಕ್ಕೆ ಒಂದು, ಸಂಜೆಗೆ ಒಂದು. ಕೂತ್ಕೊಳ್ಳಿ, ನಿಮಗೂ ಬಡಿಸ್ತೀನಿ. ಹುರುಳಿ ಸಾರು ಮಾಡಿದೀನಿ."

ಇಬ್ಬರೂ ಕೂತು ಉಂಡೆವು. ಸಂಜೆಯದು ಯಾವುದಕ್ಕೆ ಎಂದು ಕೇಳಲು ನನಗೆ ಆಗ ಹೊಳೆಯಲಿಲ್ಲ.

ಹೋದ ವರ್ಷ ಮೇಡಂಗೆ ಉಸಿರಾಟದ ತೊಂದರೆಯಾಗಿ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ನಾನು ಗೋಪಾಳ ಬಡಾವಣೆಯ ನನ್ನ ಮನೆಯಿಂದ ಗಂಜಿ ಒಯ್ಯುತ್ತಿದ್ದೆ. ಎರಡು ತುತ್ತಿಗೆ ಸಾಕೆನ್ನುವರು. ಒಂದು ದಿನ ಮಾಸ್ಕ್ ಸರಿಸಿ, "ನಿಮ್ಮತ್ರ ಇರೋದನ್ನ ತೆಗೆದು ನೋಡ್ತಿದೀರಾ?" ಎಂದು ಕೇಳಿದರು. ನೋಡ್ತಿದೀನಿ ಮೇಡಂ ಎಂದೆ. ಎಲ್ಲ ಕೇಳಿಸುತ್ತಾ ಎಂದರು. ಎಲ್ಲ ಕೇಳಿಸುತ್ತೆ ಎಂದೆ. ಕಣ್ಣು ಮುಚ್ಚಿಕೊಂಡರು. ನಾವು ಆಡಿದ ಕೊನೆಯ ಮಾತು ಅದು. ಎರಡು ದಿನ ಬಿಟ್ಟು ಬೆಳಿಗ್ಗೆ ಹೋದರು.

ದೂರದ ಸಂಬಂಧಿ ಒಬ್ಬರು, ಅವರ ಚಿಕ್ಕಪ್ಪನ ಮಗ, ಬಂದಿದ್ದರು. ಗಿರಣಿಯ ಯಜಮಾನರು ಬಂದಿದ್ದರು, ಕ್ಲಾಸಿನಲ್ಲಿ ಕಲಿತ ಇಬ್ಬರು ಹೆಂಗಸರು ಬಂದಿದ್ದರು. ಭದ್ರಾವತಿಗೆ ಒಯ್ಯಲು ಆಂಬುಲೆನ್ಸ್ ಕಾಯುತ್ತ ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತಿದ್ದೆವು. ಸ್ಟ್ರೆಚರಿನ ಮೇಲೆ ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು, ಅದರ ಕೆಳಗೆ ಮೇಡಂ ಇನ್ನೂ ಸಣ್ಣಗೆ ಕಾಣುತ್ತಿದ್ದರು. ಬೇಕಾದವರಿಗೆ ತಿಳಿಸಲೆಂದು ಅವರ ಫೋನು ನನ್ನ ಜೇಬಿನಲ್ಲಿತ್ತು. ತಿಳಿಸಬೇಕಾದ ಹೆಸರುಗಳು ಬಹಳ ಇರಲಿಲ್ಲ.

ಮಧ್ಯಾಹ್ನವಾಯಿತು. ನನ್ನ ಎದೆಯ ಮೇಲಿಂದ ಅಣ್ಣ ಕೂಗಿದರು.

"ಏಳೋ ಎಮ್ಮೆ, ಬಿದ್ಕೊಂಡಿದ್ದು ಸಾಕು."

ಪಡಸಾಲೆಯಲ್ಲಿ ಇದ್ದವರೆಲ್ಲ ತಿರುಗಿದರು. ಹೆಂಗಸರು ಬಾಯಿಗೆ ಸೆರಗು ಹಿಡಿದರು. ಚಿಕ್ಕಪ್ಪನ ಮಗನ ಮುಖ ಕೆಂಪಾಯಿತು.

"ಯಾರ್ರೀ ಅದು? ಇಂಥ ಹೊತ್ನಲ್ಲಿ ಇಂಥ ತಮಾಷೆನಾ?"

ಫೋನನ್ನು ಜೇಬಿನಿಂದ ಎಳೆದು ಆರಿಸಲು ಹೋದೆ. ಅದು ಇನ್ನೊಂದು ಸಲ ಕೂಗಿತು. "ಅವರಣ್ಣ," ಎಂದೆ. "ಊಟಕ್ಕೆ ಕರೀತಿದಾರೆ."

ಅವರಿಗೆ ಅರ್ಥವಾಗಲಿಲ್ಲ, ನಾನು ಬಿಡಿಸಿ ಹೇಳಲಿಲ್ಲ. ಭದ್ರೆಯ ದಡದಲ್ಲಿ ಕಾರ್ಯ ಮುಗಿದ ಮೇಲೆ ಚಿಕ್ಕಪ್ಪನ ಮಗ, "ಆ ಹಳೆ ಫೋನು ಯಾರಿಗೆ ಬೇಕು, ನೀವೇ ಇಟ್ಕೊಳ್ಳಿ ಭಾಯ್" ಎಂದರು. ಇಟ್ಟುಕೊಂಡೆ.

ಕಂಪ್ಯೂಟರ್ ಒಳಗಿನದ್ದನ್ನು ಗುರುತಿಸಿ ಬೆಲೆ ಕಟ್ಟುವುದನ್ನು ಕಲಿಸಿ, ಗುಜರಿಯವನನ್ನು ಅಂಗಡಿಕಾರನನ್ನಾಗಿ ಮಾಡಿದವರಿಗೆ ನಾನು ಮಾಡಬಹುದಾದದ್ದು ಇಷ್ಟೇ. ಬೈಗುಳಗಳು ನನ್ನಲ್ಲಿ ಮೂರು ಕಡೆ ಇವೆ. ಅಂಗಡಿಯಲ್ಲಿ ಹೊಸ ಎಸ್‌ಎಸ್‌ಡಿ ಡಿಸ್ಕಿನಲ್ಲಿ, ಹೊಸಮನೆ ಬಡಾವಣೆಯಲ್ಲಿರುವ ನನ್ನ ಮಗಳ ಮನೆಯ ಬೀರುವಿನಲ್ಲಿ, ಕ್ಲೌಡಿನಲ್ಲಿ. ಆಗಾಗ ಎಲ್ಲವನ್ನೂ ತೆಗೆದು ನೋಡುತ್ತೇನೆ, ಪ್ರತಿಯೊಂದನ್ನೂ ಕೊನೆಯವರೆಗೆ ಕೇಳುತ್ತೇನೆ. ಒಂದಕ್ಷರವೂ ಕೆಟ್ಟಿಲ್ಲ. ಆ ಮನೆಯಲ್ಲಿ ಅವಕ್ಕೆ ಏನೇನು ಅರ್ಥವಿತ್ತು ಎಂಬುದು ಮಾತ್ರ ಕೊನೆಗೆ ಮೇಡಂ ಒಬ್ಬರ ತಲೆಯಲ್ಲಿತ್ತು, ಅದಕ್ಕೆ ಪ್ರತಿ ಇರಲಿಲ್ಲ.

ಫೋನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಚಾರ್ಜಿಗೆ ಹಾಕಿಯೇ ಇದೆ. ಅಲಾರಂಗಳನ್ನು ನಾನು ತೆಗೆದಿಲ್ಲ. ಸಂಜೆ, ಬೀದಿಯ ದೀಪ ಹತ್ತುವ ಹೊತ್ತಿಗೆ, "ಇದ್ಯಾವ ಸೀಮೆ ಕೆಲ್ಸನೋ ಗೂಬೆ, ನಿಮ್ಮಪ್ಪ ಕಲ್ಸಿದ್ನಾ" ಎಂದು ಅಣ್ಣ ಬೈಯುತ್ತಾರೆ. ಗಿರಾಕಿಗಳು ನಗುತ್ತಾರೆ. ಅದು ದೇವರ ದೀಪಕ್ಕೋ, ಮಾತ್ರೆಗೋ, ಬಾಗಿಲ ಚಿಲಕಕ್ಕೋ, ಇನ್ನೇನಕ್ಕೋ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಮಾಡುತ್ತಿದ್ದೆ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು, ಅದು ಕೂಗಿ ನಿಲ್ಲುವವರೆಗೆ ಸುಮ್ಮನೆ ಕೂರುತ್ತೇನೆ.